ಗ್ಯಾರಿಕ್ ನಟನೆ ನಿಜಕ್ಕೂ ಸಹಜವಾಗಿತ್ತಾ?

ತುಂತುರು, ಮಡಿಕೇರಿ:
ಕಾಲೇಜು ತಂಡದಿಂದ ಈ ಸಲ ಹ್ಯಾಮ್ಲೆಟ್‌ನ ಒಂದೇ ದೃಶ್ಯ ಆಡುತ್ತಿದ್ದೇವೆ. ಅಪ್ಪನ ಪ್ರೇತ ಎದುರಾಗುತ್ತದಲ್ಲ, ಅದು. ಕಲಿಸುವ ಸರ್ ಮಾತೆತ್ತಿದರೆ ಹದಿನೆಂಟನೇ ಶತಮಾನದ ಇಂಗ್ಲಿಷ್ ನಟ ಡೇವಿಡ್ ಗ್ಯಾರಿಕ್ ಅಂತಾರೆ. ಲಂಡನ್ ರಂಗಭೂಮಿಗೆ ಸಹಜ ನಟನೆ ತಂದವನೇ ಅವನಂತೆ. ಆದರೆ ಇದೇ ದೃಶ್ಯಕ್ಕೆ ಕೂದಲು ತಾನಾಗಿ ನೆಟ್ಟಗೆ ನಿಲ್ಲುವ ವಿಗ್ ಮಾಡಿಸಿ ಹಾಕಿಕೊಳ್ಳುತ್ತಿದ್ದ ಅಂತಲೂ ಓದಿದೆ. ನಮ್ಮ ದಸರಾ ಮಂಟಪದ ರಾಕ್ಷಸನ ತಲೆಗೂ ಇದಕ್ಕೂ ಏನು ವ್ಯತ್ಯಾಸ?

ಹಳೇಮೇಷ್ಟ್ರು, ವಿರಾಜಪೇಟೆ:
ಅವನಿಗಿಂತ ಮೊದಲಿನವರನ್ನು ನೋಡಬೇಕು ಮಗಾ. ಜೇಮ್ಸ್ ಕ್ವಿನ್ ಅಂತ ಒಬ್ಬ ದೊಡ್ಡ ನಟ ಇದ್ದ. 1746ರಲ್ಲಿ ಇಬ್ಬರೂ ಒಂದೇ ನಾಟಕದಲ್ಲಿ ಆಡಿದರು. ಆಗ ಶಾಲಾ ಹುಡುಗನಾಗಿದ್ದ, ಮುಂದೆ ನಾಟಕಕಾರನಾದ ರಿಚರ್ಡ್ ಕಂಬರ್‌ಲೆಂಡ್ ಅದನ್ನು ನೋಡಿ ಆಮೇಲೆ ಬರೆದಿದ್ದಾನೆ. ಕ್ವಿನ್‌ಗೆ ಹಸಿರು ವೆಲ್ವೆಟ್ ಕೋಟು, ಭಾರೀ ವಿಗ್, ಎತ್ತರದ ಹಿಮ್ಮಡಿಯ ಬೂಟು. ಗರಗಸ ಎಳೆದ ಹಾಗೆ ಕೈ ಆಡಿಸುತ್ತಾ ಒಂದೇ ರಾಗದಲ್ಲಿ ಸಾಲು ಒಪ್ಪಿಸುತ್ತಿದ್ದನಂತೆ. ಅಷ್ಟರಲ್ಲಿ ಗ್ಯಾರಿಕ್ ಚಂಗನೆ ಒಳಗೆ ಬಂದ, ಮುಖ ಮೈ ಎಲ್ಲಾ ಜೀವಂತ. ಒಂದು ಶತಮಾನವನ್ನೇ ದಾಟಿ ಬಂದ ಹಾಗೆ ಅನ್ನಿಸಿತು ಅಂತಾನೆ. ಜನ ಸಹಜ ಅಂದಿದ್ದು ಕ್ವಿನ್ ಪಕ್ಕದಲ್ಲಿಟ್ಟು ನೋಡಿ.

ಬೆಟ್ಟದ ದಾರಿ:
ಗ್ಯಾರಿಕ್ ಲೆಕ್ಕಾಚಾರದವನು ಅನ್ನೋದೂ ಗೊತ್ತಿರಲಿ. ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಲ್ಲಿ ಬೆಳೆದವನು, ಅಲ್ಲಿ ಮುಂದೆ ನಿಘಂಟು ಬರೆದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ ಹತ್ತಿರ ಪಾಠ, 1737ರಲ್ಲಿ ಆ ಗುರುವಿನ ಜೊತೆಗೇ ಲಂಡನ್‌ಗೆ ಬಂದ. ಅಣ್ಣನ ಜೊತೆ ವೈನ್ ವ್ಯಾಪಾರ. 1741ರ ಅಕ್ಟೋಬರ್ 19ಕ್ಕೆ ಲಂಡನ್‌ನಲ್ಲಿ ಮೂರನೇ ರಿಚರ್ಡ್ ದೊರೆಯ ಪಾತ್ರದಲ್ಲಿ ರಂಗಕ್ಕೆ ಬಂದಾಗ ಕರಪತ್ರದಲ್ಲಿ ಹಾಕಿದ್ದೇನು ಗೊತ್ತಾ? ಇದುವರೆಗೆ ಯಾವ ರಂಗವನ್ನೂ ಹತ್ತದ ಮಹನೀಯರು ಅಂತ. ಶುದ್ಧ ಸುಳ್ಳು, ಆ ಬೇಸಿಗೆಯಲ್ಲೇ ಇಪ್ಸ್‌ವಿಚ್ ಅನ್ನೋ ಊರಲ್ಲಿ ಬೇರೆ ಹೆಸರಿಟ್ಟುಕೊಂಡು ಆಡಿ ಕೈ ಪಳಗಿಸಿದ್ದ! ಲಂಡನ್ನಿನ ಡ್ರೂರಿ ಲೇನ್ ಥಿಯೇಟರನ್ನು 1747ರಿಂದ 1776ರವರೆಗೆ ನಡೆಸಿದ್ದು ಸುಮ್ನೆ ಅಲ್ಲ. ರಂಗದ ಮೇಲೇ ಕೂರುತ್ತಿದ್ದ ಶ್ರೀಮಂತ ಪ್ರೇಕ್ಷಕರನ್ನು ಕೆಳಗಿಳಿಸಿದವನೂ ಅವನೇ.

ತುಂತುರು:
ಥ್ಯಾಂಕ್ಸ್ ಮೇಷ್ಟ್ರೇ. ಹಾಗಾದ್ರೆ ಆ ಪ್ರೇತದ ದೃಶ್ಯದಲ್ಲಿ ಗ್ಯಾರಿಕ್ ಮಾಡುತ್ತಿದ್ದದ್ದೇನು? ನಮ್ಮ ಹುಡುಗ ಸುಮ್ನೆ ಕಿರುಚುತ್ತಾನೆ.

ಹಳೇಮೇಷ್ಟ್ರು, ವಿರಾಜಪೇಟೆ:
ಲಿಖ್ಟೆನ್‌ಬರ್ಗ್ ಅನ್ನೋ ಜರ್ಮನ್ ಪ್ರೊಫೆಸರ್ ನೋಡಿ 1775ರ ಪತ್ರದಲ್ಲಿ ಇಂಚಿಂಚೂ ಬರೆದಿಟ್ಟಿದ್ದಾನೆ. ಪ್ರೇತದ ಸುದ್ದಿ ಕಿವಿಗೆ ಬಿದ್ದ ತಕ್ಷಣ ಗ್ಯಾರಿಕ್ ಗರಕ್ಕನೆ ತಿರುಗುತ್ತಾನೆ, ಎರಡು ಮೂರು ಹೆಜ್ಜೆ ಹಿಂದಕ್ಕೆ ತಡವರಿಸುತ್ತಾನೆ, ಮಂಡಿ ಕುಸಿಯುತ್ತದೆ, ಟೋಪಿ ಕೆಳಗೆ ಬೀಳುತ್ತದೆ. ಕೈಗಳು ಮುಂದಕ್ಕೆ ಚಾಚಿ ಬೆರಳು ಬಿಡಿಸಿಕೊಂಡಿವೆ, ಬಾಯಿ ತೆರೆದಿದೆ, ಗೆಳೆಯರು ಹಿಡಿದುಕೊಂಡಿದ್ದಾರೆ. ಮಾತು ಬರುವುದು ಆಮೇಲೆ, ಅದೂ ನಡುಗುತ್ತಾ. ಕಿರುಚಾಟ ಎಲ್ಲಿದೆ ಇದರಲ್ಲಿ? ಟೋಪಿ ಬೀಳುವುದೂ ಅಭ್ಯಾಸ ಮಾಡಿದ್ದೇ ಅನ್ನಿಸುತ್ತದೆ ನನಗೆ.

ಬೆಟ್ಟದ ದಾರಿ:
ಸರ್‌ಗೆ ಇನ್ನೊಂದು ಹೇಳು. ಷೇಕ್ಸ್‌ಪಿಯರ್ ಭಕ್ತ ಅಂತ ಮೆರೆದವನೇ 1772ರಲ್ಲಿ ಹ್ಯಾಮ್ಲೆಟ್‌ನಿಂದ ಹೆಣ ಹೂಳಲು ಗುಂಡಿ ತೋಡುವವರ ದೃಶ್ಯ ತೆಗೆದುಹಾಕಿದ್ದ. ನೀವು ಒಂದೆರಡು ಸಾಲು ಬಿಟ್ಟರೆ ಬೈಯೋ ಹಾಗಿಲ್ಲ.

ತುಂತುರು:
😂 ನಾಳೆ ರಿಹರ್ಸಲ್‌ಗೆ ಟೋಪಿ ಬೇಕು. ಯಾರ ಹತ್ರಾದ್ರೂ ಹಳೇದು ಇದ್ದರೆ ಹೇಳಿ, ತುಂಬಾ ಸಲ ಬೀಳುತ್ತೆ.