‘ಹೊರಗೋಟೆ’ ಎನ್ನಬಹುದೇ? ಗೊಗುರ್ಯೊ ರಾಜಧಾನಿಗೆ ತಕ್ಕ ಪದ ಬೇಕಿದೆ

ಕೊರಿಯಾದ ಹಳೆಯ ಗೊಗುರ್ಯೊ ರಾಜ್ಯದ ಕೊನೆಯ ರಾಜಧಾನಿ, ಇಂದಿನ ಪ್ಯೊಂಗ್ಯಾಂಗ್‌ನಲ್ಲಿದ್ದ ಜಾಂಗಾನ್‌ಸೊಂಗ್ ಬಗ್ಗೆ ಬರೆಯುತ್ತಿದ್ದೇನೆ. ಕೊರಿಯನ್ನರ ‘ಸೊಂಗ್’ ಗೋಡೆಗೂ ಸಲ್ಲುತ್ತದೆ, ಕೋಟೆಗೂ ಸಲ್ಲುತ್ತದೆ, ಗೋಡೆಯೊಳಗಿನ ಊರಿಗೂ ಸಲ್ಲುತ್ತದೆ. ನಮ್ಮ ‘ಕೋಟೆ’ಯನ್ನು ಅಷ್ಟು ಹಿಗ್ಗಿಸಬಹುದೇ ಎಂಬುದು ನನ್ನ ಪ್ರಶ್ನೆ.

ಗೊಗುರ್ಯೊ ದೊರೆಗಳು ಅದಕ್ಕೂ ಮುಂಚೆ ಯಾಲು ನದಿಯ ಬಳಿ, ಇಂದಿನ ಚೀನಾದ ಜಿಆನ್‌ನಲ್ಲಿ, ಜೋಡಿ ಕೋಟೆ ಇಟ್ಟುಕೊಂಡಿದ್ದರು. ಬಯಲಲ್ಲಿ ಗುಂಗ್ನೆ, ಬೆಟ್ಟದಲ್ಲಿ ಹ್ವಾಂಡೊ. ಹಗೆ ಏರಿಬಂದರೆ ಬೆಟ್ಟವೇ ಆಸರೆ. ಇವಕ್ಕೆ ‘ನೆಲದುರ್ಗ’, ‘ಗಿರಿದುರ್ಗ’ ಧಾರಾಳವಾಗಿ ಒಪ್ಪುತ್ತವೆ. 427ರಲ್ಲಿ ರಾಜಧಾನಿ ಪ್ಯೊಂಗ್ಯಾಂಗ್ ಕಡೆಗೆ ಸರಿದಾಗಲೂ ಹತ್ತಿರದಲ್ಲೊಂದು ಬೆಟ್ಟದ ಕೋಟೆ ಇತ್ತು.

ತೊಡಕಿರುವುದು 586ರಲ್ಲಿ ರಾಜಧಾನಿಯಾದ ಜಾಂಗಾನ್‌ಸೊಂಗ್‌ನಲ್ಲಿ. ಇಲ್ಲಿ ಬೆಟ್ಟವನ್ನೂ ಬಯಲನ್ನೂ ಒಂದೇ ಗೋಡೆಯೊಳಗೆ ತಂದರು. ತೇದೊಂಗ್, ಪೊತೊಂಗ್ ನದಿಗಳೇ ಅಗಳು. ಒಳಗೆ ನಾಲ್ಕು ಭಾಗ: ಬಡಗಣದ್ದು, ಅರಮನೆಯ ಒಳಭಾಗ, ನಡುಭಾಗ, ಜನವಸತಿಯ ಹೊರಭಾಗ. ಹೊರಭಾಗದ ಬೀದಿಗಳು ಚೌಕ ಚೌಕವಾಗಿದ್ದವು. ಗೋಡೆ ಕಟ್ಟಿಸಿದ ಅಧಿಕಾರಿಯ ಹೆಸರು, ಅವನ ಪಾಲಿಗೆ ಬಂದ ಉದ್ದ ಇವನ್ನು ಕೆತ್ತಿದ ಕಲ್ಲುಗಳೂ ಅಲ್ಲಿ ಸಿಕ್ಕಿವೆ. ಶಾಸನ ಓದುವವರಿಗೆ ಇದಕ್ಕಿಂತ ಖುಷಿಯ ಸಂಗತಿ ಬೇಕೇ!

ಚಿತ್ರದುರ್ಗದ ‘ಏಳು ಸುತ್ತಿನ ಕೋಟೆ’ ನೆನೆದು ‘ಒಳಸುತ್ತು, ನಡುಸುತ್ತು, ಹೊರಸುತ್ತು’ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ‘ಸುತ್ತು’ ಎಂದರೆ ಒಂದನ್ನೊಂದು ಬಳಸಿ ನಿಂತ ಗೋಡೆಗಳು. ಇಲ್ಲಿನವು ಬಡಗಿನಿಂದ ತೆಂಕಿಗೆ ಒಂದರ ಮಗ್ಗುಲಿಗೆ ಒಂದು ಅಂಟಿಕೊಂಡಿವೆ, ನಡುವೆ ಅಡ್ಡಗೋಡೆ. ‘ಸುತ್ತು’ ಎಂದರೆ ಓದುಗರ ಮನಸ್ಸಿನಲ್ಲಿ ತಪ್ಪು ನಕ್ಷೆಯೇ ಮೂಡುತ್ತದೆ.

ಬೆಂಗಳೂರಿನ ಕೋಟೆ–ಪೇಟೆ ಜೋಡಿ ಇನ್ನಷ್ಟು ಹತ್ತಿರ. ಅಲ್ಲಿ ಪೇಟೆಗೂ ತನ್ನದೇ ಗೋಡೆ, ಅಗಳು ಇದ್ದವು. 1791ರಲ್ಲಿ ಕಾರ್ನ್‌ವಾಲಿಸ್ ಸೇನೆ ಮೊದಲು ಪೇಟೆಯನ್ನು ಹಿಡಿದು ಆಮೇಲೆ ಕೋಟೆಗೆ ಲಗ್ಗೆ ಹಾಕಿತು. ಆದರೂ ‘ಪೇಟೆ’ ಎಂದೊಡನೆ ವ್ಯಾಪಾರ ಕಣ್ಣಮುಂದೆ ಬರುತ್ತದೆ. ಜಾಂಗಾನ್‌ಸೊಂಗ್‌ನ ಹೊರಭಾಗವನ್ನು ಗುರುತಿಸುವುದು ಜನವಸತಿಯಿಂದ, ಸಂತೆಯಿಂದಲ್ಲ.

ಸದ್ಯಕ್ಕೆ ‘ಬಡಗುಗೋಟೆ, ಒಳಗೋಟೆ, ನಡುಗೋಟೆ, ಹೊರಗೋಟೆ’ ಎಂದಿಟ್ಟಿದ್ದೇನೆ. ‘ಹೊರ’ ಎಂಬುದರಲ್ಲೂ ಸುತ್ತುವರಿದ ಅರ್ಥದ ನೆರಳಿದೆಯೆಂಬ ಅಳುಕು ಹೋಗಿಲ್ಲ. ಹಾಗೆಂದು ‘ತೆಂಕುಗೋಟೆ’ ಎಂದರೆ ದಿಕ್ಕು ಸರಿಹೋದರೂ ಅರಮನೆಯಿಂದ ಆಚೆ ಎಂಬ ಅರ್ಥ ತಪ್ಪಿಹೋಗುತ್ತದೆ.

ಒಂದೇ ಗೋಡೆಯನ್ನು ಹಂಚಿಕೊಂಡು ಪಕ್ಕಪಕ್ಕ ನಿಂತ ಕೋಟೆಗಳಿಗೆ ಶಾಸನಗಳಲ್ಲಾಗಲಿ, ನಿಮ್ಮ ಕಡೆಯ ಆಡುಮಾತಿನಲ್ಲಾಗಲಿ ಬೇರೆ ಹೆಸರಿದೆಯೇ? ಇದ್ದರೆ ಯಾವ ಸೀಮೆಯದು ಎಂಬುದನ್ನೂ ದಯವಿಟ್ಟು ತಿಳಿಸಿ.