ಪಿಂಡಾರಿ ಅನ್ನೋ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಮರಾಠರ ಇತಿಹಾಸ ಓದುವಾಗ ಪಿಂಡಾರಿಗಳು ಪದೇ ಪದೇ ಸಿಗುತ್ತಾರೆ. ಇದು ಜಾತಿಯ ಹೆಸರಾ, ಕಸುಬಿನದಾ?

ಉತ್ತರ: ಜಾತಿ ಅಲ್ಲ. ಹಿಂದೂಗಳೂ ಮುಸ್ಲಿಮರೂ ಇದ್ದರು. ಮರಾಠಾ ಸೈನ್ಯದ ಜೊತೆ ಕುದುರೆ ಏರಿ ಹೋಗುತ್ತಿದ್ದ ಇವರಿಗೆ ಸಂಬಳ ಇರಲಿಲ್ಲ, ಲೂಟಿಯೇ ಸಂಪಾದನೆ, ಆಗ ಹಳ್ಳಿಗಳು ಪಟ್ಟ ಪಾಡು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಉತ್ತರ: ಪದದ ಬಗ್ಗೆ ಒಮ್ಮತ ಇಲ್ಲ. ಮರಾಠಿಯಲ್ಲಿ ಪೆಂಢಾರಿ ಅಂತಾರೆ. ಪೆಂಢಾ ಅಂದರೆ ಒಣಹುಲ್ಲು, ಹಾಗಾಗಿ ಮೇವು ದೋಚುವವನು ಅಂತ ಒಂದು ವಾದ. ಪಿಂಡಾ ಅನ್ನೋ ಹೆಂಡದಿಂದ ಬಂತು ಅಂತ ಇನ್ನೊಂದು. ನನಗೆ ಮೇವಿನದೇ ಸರಿ ಅನಿಸುತ್ತದೆ, ಕುದುರೆ ದಂಡಿಗೆ ಮೊದಲು ಬೇಕಾಗಿದ್ದು ಅದೇ ಅಲ್ವಾ.

ಉತ್ತರ: 1817-18ರಲ್ಲಿ ಬ್ರಿಟಿಷರು ಇವರನ್ನು ಸದೆಬಡಿದರು. ನಾಯಕ ಚೀತು ಕಾಡಿಗೆ ಓಡಿ ಹುಲಿ ಬಾಯಿಗೆ ಸಿಕ್ಕ.