ಅಥೆನ್ಸ್‌ನಲ್ಲಿ ಓಡಾಡೋಕೆ ಬಸ್ಸಾ, ಟ್ಯಾಕ್ಸಿನಾ, ಬಾಡಿಗೆ ಕಾರಾ?

ದಾವಣಗೆರೆ_ತಿರುಗಾಡಿ:
ಸೆಪ್ಟೆಂಬರ್‌ನಲ್ಲಿ ಅತ್ತೆ ಮಾವನ್ನ ಕರ್ಕೊಂಡು ನಾಲ್ಕು ಜನ ಗ್ರೀಸ್‌ಗೆ ಹೊರಟಿದೀವಿ. ರೂಮ್ ಅಥೆನ್ಸ್ ಮಧ್ಯದ ಸಿಂಟಾಗ್ಮಾ ಚೌಕದ ಹತ್ರ, ಮಧ್ಯೆ ಒಂದಿನ ಹಳೇ ದೇವಸ್ಥಾನಗಳಿರೋ ಡೆಲ್ಫಿ, ಆಮೇಲೆ ಪಿರೇಯಸ್ ಬಂದರಿಂದ ರಾತ್ರಿ ಹಡಗಲ್ಲಿ ಕ್ರೀಟ್ ದ್ವೀಪ. ನಮ್ಮೆಜಮಾನ್ರು ಏರ್‌ಪೋರ್ಟಲ್ಲೇ ಕಾರ್ ತಗೊಂಡ್ಬಿಡೋಣ ಅಂತ ಹಠ ಹಿಡಿದಿದಾರೆ. ಅತ್ತೆಗೆ ಮಂಡಿ ನೋವು ಬೇರೆ. ಏನ್ ಮಾಡೋದು?

ಪಿರೇಯಸ್_ಕನ್ನಡಿಗ:
ಸಿಟಿ ಒಳಗೆ ಕಾರ್ ಬೇಡವೇ ಬೇಡ ಮೇಡಂ. ರಸ್ತೆ ಬದಿ ನೀಲಿ ಗೆರೆ ಇದ್ರೆ ಅಲ್ಲಿ ವಾಸ ಇರೋರಿಗೆ, ಬಿಳಿ ಗೆರೇಲಿ ದುಡ್ಡು ಕೊಟ್ಟು ನಿಲ್ಲಿಸ್ಬೋದು, ಆದ್ರೆ ಆ ಬಿಳಿ ಗೆರೆ ಖಾಲಿ ಸಿಗ್ಬೇಕಲ್ಲ. ಅಕ್ರೋಪೊಲಿಸ್ ಗುಡ್ಡದ ಬುಡದಲ್ಲಿರೋ ದೊಡ್ಡ ರಸ್ತೆ ನಡೆಯೋರಿಗೆ ಮಾತ್ರ, ಅಲ್ಲಿಗೆ ಕಾರ್ ಹೋಗೋದೇ ಇಲ್ಲ. ಏರ್‌ಪೋರ್ಟಿಂದ ಎಕ್ಸ್95 ಬಸ್ ಹಗಲೂ ರಾತ್ರಿ ಓಡತ್ತೆ, ಕೊನೇ ಸ್ಟಾಪೇ ಸಿಂಟಾಗ್ಮಾ. ಊರೊಳಗಿನ ಬಸ್ಸಿಗೆ ಮಾತ್ರ ಸ್ಟಾಪಲ್ಲಿ ಕೈ ಅಡ್ಡ ಹಾಕಿ, ಸುಮ್ನೆ ನಿಂತಿದ್ರೆ ಬರ್ರಂತ ಹೋಗ್ಬಿಡ್ತಾನೆ. ಹತ್ತಿದ ಮೇಲೆ ಟಿಕೆಟ್ ಮೆಷಿನ್‌ಗೆ ಮುಟ್ಟಿಸಲೇಬೇಕು, ಚೆಕಿಂಗ್‌ನೋರು ಟೂರಿಸ್ಟ್ ಅಂತ ಬಿಡಲ್ಲ. ಒಂದು ಟಿಕೆಟ್ಟಿಗೆ 1.20 ಯೂರೋ, 90 ನಿಮಿಷ ಬಸ್ಸು ಮೆಟ್ರೋ ಟ್ರಾಮ್ ಎಲ್ಲ ಹತ್ತಿ ಇಳೀಬೋದು, ಆದ್ರೆ ಏರ್‌ಪೋರ್ಟ್ ರೂಟಿಗೆ ಅದು ನಡಿಯಲ್ಲ.

ಲೆಕ್ಕದಮ್ಮ:
ಮಂಡಿ ನೋವು ಅಂತೀರ, ಲಗೇಜೂ ಇರತ್ತೆ, ಟ್ಯಾಕ್ಸಿ ಹಿಡೀರಿ. ಏರ್‌ಪೋರ್ಟ್ ಮೆಟ್ರೋ ತಲೆಗೆ 9 ಯೂರೋ ಅಂದ್ರೆ ನಾಲ್ಕು ಜನಕ್ಕೆ 36 ಆಯ್ತು. ಹಳದಿ ಟ್ಯಾಕ್ಸಿಗೆ ಸಿಟಿ ಸೆಂಟರ್‌ವರೆಗೂ ಫಿಕ್ಸೆಡ್ ರೇಟು, ಹಗಲು 40ರ ಆಸುಪಾಸು, ಮಧ್ಯರಾತ್ರಿಯಿಂದ 5 ಗಂಟೆವರೆಗೆ 55. ಹತ್ತೋ ಮುಂಚೆನೇ ರೇಟ್ ಬಾಯಿಬಿಟ್ಟು ಕೇಳಿ. ನಂಗೊಬ್ಬ ಬ್ಯಾಗಿಗೆ ಬೇರೆ, ಟೋಲಿಗೆ ಬೇರೆ ಅಂತ ಶುರು ಮಾಡಿದ್ದ, ರಸೀದಿ ಕೊಡಪ್ಪ ಅಂದ ತಕ್ಷಣ ತಣ್ಣಗಾದ. ಊಬರ್ ಆ್ಯಪಲ್ಲಿ ಕರೆದ್ರೂ ಬರೋದು ಅದೇ ಹಳದಿ ಗಾಡಿ.

ದಾವಣಗೆರೆ_ತಿರುಗಾಡಿ:
ಟ್ಯಾಕ್ಸಿ ಲೆಕ್ಕ ತೋರಿಸಿದೆ, ಒಪ್ಕೊಂಡ್ರು 😀 ಡೆಲ್ಫಿಗಾದ್ರೂ ಕಾರ್ ಬೇಕು ಅಂತಿದಾರೆ.

ಪಿರೇಯಸ್_ಕನ್ನಡಿಗ:
ಡೆಲ್ಫಿಗೆ ತಗೊಳ್ಳಿ, ಹೋಗೋಕೆ 180 ಕಿಲೋಮೀಟರ್ ಹತ್ರ, ಅರಾಖೋವಾ ಊರೊಳಗೆ ರಸ್ತೆ ಕಿರಿದಾಗತ್ತೆ, ಅಲ್ಲಿ ಟೂರಿಸ್ಟ್ ಬಸ್ ಎದುರಾದ್ರೆ ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಬಲಗಡೆ ಓಡಿಸ್ಬೇಕು, ಊರಿಂದ ಹೊರಡೋ ಮುಂಚೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಳ್ಳಿ. ಓಡಿಸೋದು ಬೇಡ ಅನ್ಸಿದ್ರೆ ಅಥೆನ್ಸಿನ ಲಿಯೋಸಿಯನ್ ಬಸ್ ಸ್ಟ್ಯಾಂಡಿಂದ ಕೆಟೆಲ್ ಅನ್ನೋ ಊರಿಂದೂರಿಗೆ ಓಡೋ ಬಸ್ ಇದೆ. ಹಡಗಿನ ದಿನ ಸಿಂಟಾಗ್ಮಾದಿಂದ ಮೂರನೇ ಲೈನ್ ಮೆಟ್ರೋ ನೇರ ಪಿರೇಯಸ್‌ಗೆ ಬರತ್ತೆ, ಆದ್ರೆ ಬಂದರು ಭಾರಿ ದೊಡ್ಡದು, ಕ್ರೀಟ್ ಹಡಗಿನ ಗೇಟು ದೂರ, ಟಿಕೆಟ್‌ನಲ್ಲಿ ಗೇಟ್ ನಂಬರ್ ನೋಡ್ಕೊಂಡು ಅತ್ತೇನ ಟ್ಯಾಕ್ಸೀಲೇ ಗೇಟಿನವರೆಗೆ ಬಿಡಿ. ಮುಷ್ಕರ ಏನಾದ್ರೂ ಇದ್ಯಾ ಅಂತ ಹಿಂದಿನ ದಿನ ಹೋಟೆಲ್‌ನೋರನ್ನ ಕೇಳಿಡಿ, ಇಲ್ಲಿ ಅದು ಮಾಮೂಲು.